ಅಪ್‌ಡೇಟ್: ಸಿಎಸ್‌ವಿ ಫಾರ್ಮುಲಾ ಕಾಟ ತಪ್ಪಿತು

ಬಳಕೆದಾರರು ಹೆಸರಿನ ಜಾಗದಲ್ಲಿ =2+5 ಅಂತ ಬರೆದರೆ, ನಮ್ಮ ಆ್ಯಪ್‌ನ ಸಿಎಸ್‌ವಿ ಫೈಲ್ (ಸೆಲ್‌ಗಳನ್ನು ಕಾಮಾದಿಂದ ಬೇರ್ಪಡಿಸಿದ ಸಾದಾ ಪಠ್ಯದ ಫೈಲ್) ಎಕ್ಸೆಲ್‌ನಲ್ಲಿ 7 ತೋರಿಸುತ್ತೆ, ಏನು ಮಾಡಲಿ ಅಂತ ಕೇಳಿದ್ದೆ. 7 ನೋಡಿ ನಗಬಹುದು. ಅಲ್ಲೇ ಹೈಪರ್‌ಲಿಂಕ್ ಫಾರ್ಮುಲಾ ಇಟ್ಟರೆ? ಒಂದು ಕ್ಲಿಕ್‌ಗೆ ಪಕ್ಕದ ಸೆಲ್‌ನ ಮಾಹಿತಿ ಬೇರೆ ಯಾರದೋ ಸರ್ವರ್‌ಗೆ ಹೋಗುತ್ತೆ.

ಎಕ್ಸೆಲ್ ಫಾರ್ಮುಲಾ ಅಂದುಕೊಳ್ಳದಿರಲಿ ಅಂತ ಮೊದಲು =, +, -, @, ಟ್ಯಾಬ್‌ನಿಂದ ಶುರುವಾಗುವ ಎಲ್ಲ ಸೆಲ್‌ಗಳ ಮುಂದೆ ಸಿಂಗಲ್ ಕೋಟ್ ಹಾಕಿದೆ. ಎಡವಟ್ಟಾಯಿತು. -450 ಕೂಡ ಅಕ್ಷರವಾಗಿ ಮೊತ್ತವೇ ತಪ್ಪಿತು!

ಈಗ ಸಂಖ್ಯೆಯ ಕಾಲಂನಲ್ಲಿ ಸಂಖ್ಯೆಯೇ ಇದೆಯಾ ಅಂತ ನೋಡುತ್ತೇನೆ, ಅಷ್ಟೇ. ಸಿಂಗಲ್ ಕೋಟ್ ಅಕ್ಷರದ ಕಾಲಂಗೆ ಮಾತ್ರ. ಪ್ರತಿ ಸೆಲ್ ಸುತ್ತ ಡಬಲ್ ಕೋಟ್, ಒಳಗೆ ಅದೇ ಬಂದರೆ ಎರಡು ಸಲ. ಇಲ್ಲದಿದ್ದರೆ ಯಾರಾದರೂ ಹೆಸರಿನೊಳಗೇ ಕಾಮಾ ಹಾಕಿ ಹೊಸ ಸೆಲ್ ಶುರುಮಾಡಿಬಿಡುತ್ತಾರೆ, ಅಲ್ವಾ?

ಆ ಸಿಂಗಲ್ ಕೋಟ್ ಎಕ್ಸೆಲ್‌ನಲ್ಲಿ ಎದ್ದು ಕಾಣುತ್ತೆ, ಅದೊಂದು ಕಿರಿಕಿರಿ ಉಳಿದಿದೆ.