ಹೊಸ ಮುಂದಿನ ಗ್ಲಾಸ್ ಹಾಕಿಸಿದ ಮೇಲೆ ಎಡಗಡೆ ಕಾಲಡಿ ನೀರು: ಸಿಲಿಕಾನ್ ಹೊಡೆಸಲಾ?

ಸುಂಟಿಕೊಪ್ಪ ಗಾಡಿ

ಎಲ್ಲರಿಗೂ ನಮಸ್ಕಾರ. ಏಪ್ರಿಲ್‌ನಲ್ಲಿ ಕುಶಾಲನಗರದಿಂದ ಬರುವಾಗ ಮುಂದಿದ್ದ ಜಲ್ಲಿ ಟಿಪ್ಪರ್‌ನಿಂದ ಕಲ್ಲು ಸಿಡಿದು ಗ್ಲಾಸಿಗೆ ಬಡಿಯಿತು. ಕಡಲೆಕಾಳಿನಷ್ಟು ಗುರುತು. ಸುಮ್ನೆ ಬಿಟ್ಟೆ. ಜೂನ್‌ನಲ್ಲಿ ಒಂದು ಬೆಳಿಗ್ಗೆ ಗ್ಲಾಸ್ ಪೂರ್ತಿ ಮಂಜು ಹಿಡಿದಿತ್ತು, ಹೀಟರ್ ಫುಲ್ ಇಟ್ಟೆ. ಟಕ್ ಅಂತ ಸದ್ದಾಗಿ ಆ ಗುರುತಿನಿಂದ ಒಂದು ಗೆರೆ ಹೊರಟಿತು. ಮಡಿಕೇರಿ ತಲುಪುವಷ್ಟರಲ್ಲಿ ಒಂದು ಗೇಣು ಉದ್ದ.

ಒಂದು ಅಂಗಡಿಯಲ್ಲಿ ಹೊಸ ಗ್ಲಾಸ್ ಹಾಕಿಸಿದೆ. ಮಳೆ ಬರುತ್ತಿತ್ತು, ರಸ್ತೆ ಬದಿಯಲ್ಲೇ ಟಾರ್ಪಾಲ್ ಕಟ್ಟಿ ಕೂರಿಸಿದರು. ಈಗ ಮಳೆ ಜೋರಾದರೆ ಎಡಗಡೆ ಸೀಟಿನ ಕಾಲಡಿ ಮ್ಯಾಟ್ ಒದ್ದೆ. ಕೇಳಿದರೆ "ಹೊರಗಿನಿಂದ ಸಿಲಿಕಾನ್ ಹೊಡೆದು ಕೊಡ್ತೀವಿ" ಅಂತಾರೆ. ಹೊಡೆಸಲಾ? ಅಮ್ಮ ಯಾವಾಗಲೂ ಅದೇ ಸೀಟಿನಲ್ಲಿ ಕೂರೋದು.

ಗೋಣಿಕೊಪ್ಪ ಗ್ಲಾಸ್ ಕೆಲಸ

ಸಿಲಿಕಾನ್ ಬೇಡ ಸರ್. ದಯವಿಟ್ಟು ಬೇಡ. ಒಂದು ಸಲ ಸಿಲಿಕಾನ್ ಮೆತ್ತಿದ ಜಾಗಕ್ಕೆ ಆಮೇಲೆ ಗ್ಲಾಸ್ ಅಂಟಿಸುವ ಪಿಯು (ಪಾಲಿಯುರೆಥೇನ್) ಸೀಲಂಟ್ ಸರಿಯಾಗಿ ಹಿಡಿಯುವುದಿಲ್ಲ. ಉಜ್ಜಿ ತೆಗೆದರೂ ಅದರ ಜಿಡ್ಡು ಉಳಿಯುತ್ತದೆ. ನೀರು ಕೂಡ ನಿಲ್ಲುವುದಿಲ್ಲ, ಬೇರೆ ದಾರಿ ಹುಡುಕಿಕೊಳ್ಳುತ್ತದೆ ಅಷ್ಟೇ.

ಮೊದಲು ನೀರು ಎಲ್ಲಿಂದ ಬರ್ತಿದೆ ಅಂತ ನೋಡೋಣ. ಮಳೆ ಇಲ್ಲದ ದಿನ ಎಸಿ ಹಾಕಿದಾಗಲೂ ಮ್ಯಾಟ್ ಒದ್ದೆಯಾದರೆ ಎಸಿ ನೀರಿನ ಪೈಪ್ ಕಟ್ಟಿದೆ ಅಂತ ಅರ್ಥ. ಮಳೆಗೆ ಮಾತ್ರ ಆದರೆ ಬಾನೆಟ್ ಎತ್ತಿ. ವೈಪರ್ ಕೆಳಗೆ ಉದ್ದಕ್ಕೂ ಪ್ಲಾಸ್ಟಿಕ್ ಪ್ಯಾನೆಲ್ ಇದೆಯಲ್ವಾ, ಅದರಡಿ ನೀರು ಹೋಗುವ ತೂತುಗಳಿರುತ್ತವೆ. ತೋಟದಲ್ಲಿ ನಿಲ್ಲಿಸುವ ಗಾಡಿಗಳಲ್ಲಿ ಸಿಲ್ವರ್ ಓಕ್ ಮರದ ಎಲೆ ಅಲ್ಲಿ ಸೇರಿ ಗೊಬ್ಬರದ ಹಾಗೆ ಕೊಳೆತಿರುತ್ತದೆ. ನೀರು ತುಂಬಿ ಎಸಿ ಗಾಳಿ ಎಳೆಯುವ ಬಾಯಿಯಿಂದ ಒಳಗೆ ಇಳಿಯುತ್ತದೆ. ಗ್ಲೌವ್ ಬಾಕ್ಸ್ ಹಿಂದಿನ ಎಸಿ ಫಿಲ್ಟರ್ ತೆಗೆದು ಮುಟ್ಟಿ ನೋಡಿ. ಅದು ಒದ್ದೆಯಿದ್ದರೆ ಗ್ಲಾಸಿನ ತಪ್ಪಲ್ಲದೆಯೂ ಇರಬಹುದು.

ಅಲ್ಲಿ ಸರಿಯಿದ್ದರೆ ಪೈಪ್ ಪರೀಕ್ಷೆ ಮಾಡಿ. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಲಿ. ಹೊರಗಿನವರು ಗ್ಲಾಸಿನ ಕೆಳ ಅಂಚಿನಿಂದ ನಿಧಾನಕ್ಕೆ ನೀರು ಬಿಡುತ್ತಾ ಮೇಲಕ್ಕೆ ಹೋಗಲಿ, ಒಂದೊಂದು ಜಾಗದಲ್ಲಿ ಎರಡು ಮೂರು ನಿಮಿಷ. ಮೇಲಿನಿಂದ ಶುರು ಮಾಡಿದರೆ ಎಲ್ಲ ಕಡೆ ನೀರು ಹರಿದು ಏನೂ ಗೊತ್ತಾಗುವುದಿಲ್ಲ. ಜೋರಾಗಿ ಹೊಡೆಯಬೇಡಿ.

ಹಳೇ ಜೀಪ್ ಸೋಮವಾರಪೇಟೆ

ನಮ್ಮ ಹಳೇ ಜೀಪಿನಲ್ಲಿ ರಬ್ಬರ್ ಬೀಡಿಂಗ್‌ನಲ್ಲೇ ಗ್ಲಾಸ್ ಕೂರೋದು. ಸೋಪು ನೀರು ಹಚ್ಚಿ, ಬೀಡಿಂಗ್ ಸಂದಿಗೆ ದಾರ ಇಟ್ಟು ಎಳೆದರೆ ಕೂತ್ಕೊಳ್ಳುತ್ತೆ. ಸೋರಿದರೆ ಬೀಡಿಂಗ್ ಬದಲಾಯಿಸ್ತೀವಿ, ಮುಗೀತು. ಈ ಕಾರಿನದು ಹಾಗಲ್ವಾ?

ಗೋಣಿಕೊಪ್ಪ ಗ್ಲಾಸ್ ಕೆಲಸ

ಅಲ್ಲ ಅಣ್ಣ. ಈಗಿನ ಕಾರುಗಳಲ್ಲಿ ಗ್ಲಾಸನ್ನು ಬಾಡಿಗೇ ಅಂಟಿಸಿರುತ್ತಾರೆ. ಸುತ್ತ ಕಾಣುವ ರಬ್ಬರ್ ಅಂದಕ್ಕೆ ಇರೋದು. ಗ್ಲಾಸನ್ನು ಹಿಡಿದಿರೋದು ಒಳಗಿನ ಅಂಟು.

ಸುಂಟಿಕೊಪ್ಪ ಗಾಡಿ

ಇವತ್ತು ಎರಡೂ ಮಾಡಿದೆ. ಪ್ಯಾನೆಲ್ ಕೆಳಗೆ ಎರಡು ಬೊಗಸೆ ಕಪ್ಪಗಾದ ಸಿಲ್ವರ್ ಎಲೆ ಸಿಕ್ಕಿತು, ಆದರೆ ಫಿಲ್ಟರ್ ಒಣಗಿತ್ತು. ಆಮೇಲೆ ತಮ್ಮ ಪೈಪ್ ಹಿಡಿದ, ನಾನು ಒಳಗೆ. ಕೆಳಗಡೆ ಏನೂ ಇಲ್ಲ. ಎಡಗಡೆ ಮೇಲಿನ ಮೂಲೆಗೆ ಬಂದು ಎರಡು ನಿಮಿಷ ಆಗಿರಬೇಕು, ಗ್ಲಾಸ್ ಪಕ್ಕದ ಕಂಬದ ಪ್ಲಾಸ್ಟಿಕ್ ಹಿಂದಿನಿಂದ ಒಂದು ಹನಿ ಇಣುಕಿತು. ಅಲ್ಲೇ ದಪ್ಪವಾಗಿ, ಡ್ಯಾಶ್‌ಬೋರ್ಡ್ ಪಕ್ಕದಿಂದ ಜಾರಿ ಮ್ಯಾಟ್‌ಗೆ ಬಿತ್ತು. ಹಿಂದೆಯೇ ಇನ್ನೊಂದು.

ಗೋಣಿಕೊಪ್ಪ ಗ್ಲಾಸ್ ಕೆಲಸ

ಹಾಗಾದರೆ ಅಂಟು ಬಿಟ್ಟಿದೆ. ಗ್ಲಾಸ್ ತೆಗೆದು ಮತ್ತೆ ಕೂರಿಸಲೇಬೇಕು. ಖರ್ಚಿನ ಮಾತು ಅಂತ ಮುಂದೂಡಬೇಡಿ ಸರ್, ಇದು ಬರೀ ಮ್ಯಾಟ್ ಒದ್ದೆಯಾಗುವ ವಿಷಯ ಅಲ್ಲ. ಅನೇಕ ಕಾರುಗಳಲ್ಲಿ ಎಡಗಡೆ ಏರ್‌ಬ್ಯಾಗ್ ಬಿಚ್ಚಿಕೊಂಡಾಗ ಮೊದಲು ಗ್ಲಾಸಿಗೆ ಒರಗಿ, ಆಮೇಲೆ ಕೂತವರ ಕಡೆ ಉಬ್ಬುತ್ತದೆ. ಗ್ಲಾಸ್ ಕಿತ್ತುಕೊಂಡರೆ ಅಮ್ಮನ ಮುಂದೆ ಏನೂ ಇರುವುದಿಲ್ಲ. ಗಾಡಿ ಮಗುಚಿದರೆ ಚಾವಣಿಗೆ ಬಲ ಕೊಡುವುದರಲ್ಲೂ ಈ ಗ್ಲಾಸಿನ ಪಾಲಿದೆ.

ಮಾಡಿಸುವಾಗ ಪಕ್ಕದಲ್ಲೇ ನಿಂತು ನೋಡಿ. ಮೇಲೆ ಗಟ್ಟಿ ಸೂರು ಇರಬೇಕು. ಪಿಯು ಅಂಟು ಗಾಳಿಯ ತೇವದಿಂದಲೇ ಗಟ್ಟಿಯಾಗುವುದು, ಆದರೆ ಅಂಟಿಸುವ ಜಾಗದಲ್ಲಿ ಒಂದು ಹನಿ ನೀರೂ ಇರಬಾರದು. ಹಳೇ ಅಂಟನ್ನು ಬುಡದವರೆಗೆ ಕೆರೆಯಬಾರದು, 1-2 ಮಿಮೀ ಪದರ ಬಿಟ್ಟು ಅದರ ಮೇಲೇ ಹೊಸದು ಹಾಕಬೇಕು. ಚಾಕು ತಾಗಿ ಪೇಂಟ್ ಹೋಗಿದ್ದರೆ ಅಲ್ಲಿಗೆ ಅಂಟಿಗೆ ಮೊದಲು ಹಚ್ಚುವ ಪ್ರೈಮರ್ ಬೇಕೇ ಬೇಕು. ನಮ್ಮ ಊರಿನ ಮಳೆಗೆ ಅಲ್ಲಿಂದಲೇ ತುಕ್ಕು ಹುಟ್ಟಿ ಅಂಟನ್ನು ಎಬ್ಬಿಸುತ್ತದೆ. ಗ್ಲಾಸಿನ ಅಂಚನ್ನು ಬರಿಗೈಯಲ್ಲಿ ಮುಟ್ಟಬಾರದು. ಅಂಟಿನ ಗೆರೆ ಎಲ್ಲೂ ಕಡಿಯದೆ ಒಂದೇ ಸಮ ಸುತ್ತು ಬರಬೇಕು. ಟ್ಯೂಬಿನ ಮೇಲೆ ಎಷ್ಟು ಗಂಟೆ ಬಿಟ್ಟು ಓಡಿಸಬಹುದು ಅಂತ ಬರೆದಿರುತ್ತದೆ, ಅದನ್ನೇ ನಂಬಿ.

ಕನ್ನಡಿ ಹಿಂದೆ ಕ್ಯಾಮೆರಾ ಇರುವ ಮಾಡೆಲ್ ಆದರೆ ಕಂಪನಿ ಹೇಳಿದ ಹಾಗೆ ಕ್ಯಾಲಿಬ್ರೇಷನ್ (ಕ್ಯಾಮೆರಾ ನೋಟ ಮತ್ತೆ ಸರಿಹೊಂದಿಸುವುದು) ಮಾಡಿಸಬೇಕು. ಗ್ಲಾಸಿನ ಮೂಲೆಯಲ್ಲಿ ಐಎಸ್‌ಐ ಗುರುತು ನೋಡಿ. ಹೊಸ ಗ್ಲಾಸ್ ಬೇಕಾದರೆ ಕೆಲಸಕ್ಕೆ ಮೊದಲೇ ಇನ್ಶೂರೆನ್ಸ್‌ನವರಿಗೆ ಹೇಳಿ. ಫುಲ್ ಇನ್ಶೂರೆನ್ಸ್ ಇದ್ದರೆ ಗ್ಲಾಸಿಗೆ ಸವಕಳಿ ಕಳೆಯುವುದಿಲ್ಲ, ರಬ್ಬರ್ ಭಾಗಕ್ಕೆ 50% ಕಳೆಯುತ್ತಾರೆ. ಬರೀ ಥರ್ಡ್ ಪಾರ್ಟಿ ಇದ್ದರೆ ಏನೂ ಬರುವುದಿಲ್ಲ.

ಸುಂಟಿಕೊಪ್ಪ ಗಾಡಿ

ನಿನ್ನೆ ಬೇರೆ ಕಡೆ ಮಾಡಿಸಿದೆ, ಶೆಡ್ ಒಳಗೆ. ತಂತಿಯಲ್ಲಿ ಅಂಟು ಕೊಯ್ದರು, ಗ್ಲಾಸ್ ಒಡೆಯದೆ ಬಂತು. ಎಡ ಮೂಲೆಯಲ್ಲಿ ಎರಡು ಬೆರಳು ಅಗಲ ಅಂಟೇ ಇರಲಿಲ್ಲ ಅಣ್ಣ. ಪಕ್ಕದಲ್ಲಿ ಚಾಕು ಗೀರಿದ ಗೆರೆ, ಒಂದೂವರೆ ತಿಂಗಳಿಗೇ ಕೆಂಪಗೆ ತುಕ್ಕು. ಉಜ್ಜಿ, ಪ್ರೈಮರ್ ಹಚ್ಚಿ, ಒಣಗಿಸಿ ಆಮೇಲೆ ಕೂರಿಸಿದರು. ರಾತ್ರಿ ಗಾಡಿ ಅಲ್ಲೇ ಬಿಟ್ಟು ಬಂದೆ. ಇವತ್ತು ಸಂಜೆ ಕಕ್ಕಡ (ಆಟಿ) ತಿಂಗಳ ಮಳೆ ಹೇಗೆ ಹೊಡೀತು ನಿಮಗೂ ಗೊತ್ತು. ಕಂಬದ ಪ್ಲಾಸ್ಟಿಕ್ ಹಿಂದೆ ಟಿಶ್ಯೂ ಇಟ್ಟಿದ್ದೆ, ಗರಿಗರಿಯಾಗೇ ಇದೆ.

ಇನ್ನು ಕಲ್ಲು ತಾಗಿದರೆ ಏನು ಮಾಡಬೇಕು?

ಗೋಣಿಕೊಪ್ಪ ಗ್ಲಾಸ್ ಕೆಲಸ

ತುಂಬಾ ಸಂತೋಷ ಸರ್. ಕಲ್ಲು ತಾಗಿದ ತಕ್ಷಣ ಒಣ ಬಟ್ಟೆಯಲ್ಲಿ ಒರೆಸಿ ಮೇಲೆ ಪಾರದರ್ಶಕ ಟೇಪ್ ಅಂಟಿಸಿ. ಮುಂದಿನ ಗ್ಲಾಸ್ ಅಂದರೆ ಎರಡು ಗಾಜು, ನಡುವೆ ಒಂದು ಪ್ಲಾಸ್ಟಿಕ್ ಪದರ. ಹೊರಗಿನ ಗಾಜಿಗೆ ಮಾತ್ರ ಪೆಟ್ಟಾಗಿದ್ದು, ಗುರುತು ನಾಣ್ಯಕ್ಕಿಂತ ಚಿಕ್ಕದಿದ್ದು, ಅಂಚಿಗೂ ಡ್ರೈವರ್ ಕಣ್ಣಿನ ನೇರಕ್ಕೂ ಇಲ್ಲದಿದ್ದರೆ ರೆಸಿನ್ ಅನ್ನುವ ಪಾರದರ್ಶಕ ಅಂಟು ತುಂಬಿ ಉಳಿಸಬಹುದು. ಒಳಗೆ ನೀರು, ಮಣ್ಣು ಸೇರಿದರೆ ರೆಸಿನ್ ಹಿಡಿಯುವುದಿಲ್ಲ. ಅಲ್ಲಿಯವರೆಗೆ ಹೀಟರ್ ಒಮ್ಮೆಲೇ ಜಾಸ್ತಿ ಇಡಬೇಡಿ, ಬಿಸಿ ನೀರು ಹಾಕಲೇಬೇಡಿ. ಟಿಪ್ಪರ್ ಹಿಂದೆ ಜಾಗ ಬಿಟ್ಟು ಹೋಗಿ.

ಸುಂಟಿಕೊಪ್ಪ ಗಾಡಿ

ಸರಿ ಅಣ್ಣ. ನಿನ್ನೆ ಗ್ಲಾಸ್ ಕೂರಿಸಿದ ಮೇಲೆ ಅವರು ಹಚ್ಚಿರುವ ಟೇಪ್ ಯಾವಾಗ ತೆಗೀಲಿ?

ಗೋಣಿಕೊಪ್ಪ ಗ್ಲಾಸ್ ಕೆಲಸ

ನಾಳೆ ಬೆಳಿಗ್ಗೆ. ಅಲ್ಲಿವರೆಗೆ ಬಾಗಿಲು ಹಾಕುವಾಗ ಒಂದು ಕಿಟಕಿ ಸ್ವಲ್ಪ ಇಳಿಸಿರಿ, ಒಳಗಿನ ಗಾಳಿ ಗ್ಲಾಸನ್ನು ತಳ್ಳಬಾರದು. ವಾಟರ್ ಸರ್ವಿಸ್ ಎರಡು ದಿನ ಬೇಡ.