ಪದ ಬೇಕು: ‘ರೀಇನ್‌ಫೋರ್ಸ್‌ಮೆಂಟ್’ಗೆ ಮನೆಮಂದಿಗೂ ಮೇಷ್ಟ್ರಿಗೂ ತಿಳಿಯುವ ಮಾತು

ಗೆಳೆಯರೇ,

ಆಟಿಸಂ ಇರುವ ಮಕ್ಕಳ ಮನೆಯವರಿಗೂ ಶಾಲಾ ಶಿಕ್ಷಕರಿಗೂ ಕೊಡುವ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ವಿಷಯ ವರ್ತನಾ ಚಿಕಿತ್ಸೆ, ಥೆರಪಿಯವರ ಬಾಯಲ್ಲಿ ‘ಎಬಿಎ’ (ಅಪ್ಲೈಡ್ ಬಿಹೇವಿಯರ್ ಅನಾಲಿಸಿಸ್). ಅದರಲ್ಲಿ ಪುಟಪುಟಕ್ಕೂ ಬರುವ, ಒಂದು ವರ್ತನೆಯ ಬೆನ್ನಿಗೇ ಸಿಕ್ಕು ಅದನ್ನು ಮುಂದೆ ಹೆಚ್ಚಿಸುವುದು ಎಂಬ ಅರ್ಥದ ‘ರೀಇನ್‌ಫೋರ್ಸ್‌ಮೆಂಟ್’ಗೆ ಏನನ್ನಬೇಕು?

ಬಿ.ಎಡ್. ಓದುವಾಗ ಮನೋವಿಜ್ಞಾನಿ ಸ್ಕಿನ್ನರನ ಪಾಠ ಮಾಡಿಕೊಂಡವರಿಗೆ ‘ಪುನರ್ಬಲನ’ ಗೊತ್ತು. ಪರೀಕ್ಷೆಗೆ ಸಾಕು, ಅಡುಗೆಮನೆಗೆ ಸಾಲದು. ‘ಬಹುಮಾನ’ ಎಂದರೆ ಸುಲಭ, ಆದರೆ ಅರ್ಥ ಜಾರುತ್ತದೆ. ಬಹುಮಾನ ಏನೆಂದು ಕೊಡುವವರು ತೀರ್ಮಾನಿಸುತ್ತಾರೆ. ಇಲ್ಲಿ ತೀರ್ಮಾನ ಮಗುವಿನದು. ನೀರು ಬೇಕೆಂದು ಲೋಟ ತೋರಿಸಿದ ಮಗುವಿಗೆ ಬಿಸ್ಕತ್ತು ಕೊಟ್ಟಿರಿ, ಮಗು ಮತ್ತೆ ಲೋಟದ ಕಡೆ ನೋಡಲೇ ಇಲ್ಲ ಅನ್ನಿ. ಆಗ ಆ ಬಿಸ್ಕತ್ತು ಬರೀ ಬಿಸ್ಕತ್ತು. ತೋರಿಸಿದೊಡನೆ ನೀರೇ ಸಿಕ್ಕು, ಮುಂದೆಯೂ ತೋರಿಸತೊಡಗಿದರೆ ಆ ನೀರು ರೀಇನ್‌ಫೋರ್ಸ್‌ಮೆಂಟ್. ಮುಂದೆ ಆ ವರ್ತನೆ ಹೆಚ್ಚಿದರೆ ಮಾತ್ರ ಆ ಹೆಸರು ಸಲ್ಲುತ್ತದೆ. ‘ಲಂಚ ಕೊಟ್ಟು ಕಲಿಸ್ತೀರಾ?’ ಎಂದು ಕೇಳುವ ಅಜ್ಜ ಅಜ್ಜಿಯರಿಗೂ ಈ ವ್ಯತ್ಯಾಸ ಪದದಲ್ಲೇ ಸಿಕ್ಕರೆ ಒಳ್ಳೆಯದು.

ನಿಜವಾದ ತೊಡಕು ‘ನೆಗೆಟಿವ್ ರೀಇನ್‌ಫೋರ್ಸ್‌ಮೆಂಟ್’ನದು. ‘ಋಣಾತ್ಮಕ ಪುನರ್ಬಲನ’ ಎಂದು ಬರೆದರೆ ಹತ್ತರಲ್ಲಿ ಒಂಬತ್ತು ಮಂದಿ ಶಿಕ್ಷೆ ಎಂದೇ ಓದಿಕೊಳ್ಳುತ್ತಾರೆ. ಶಿಕ್ಷೆ ವರ್ತನೆಯನ್ನು ತಗ್ಗಿಸುವಂಥದ್ದು, ಇದು ಬೇಡವಾದದ್ದನ್ನು ತಪ್ಪಿಸಿ ವರ್ತನೆಯನ್ನು ಹೆಚ್ಚಿಸುವಂಥದ್ದು. ಬೆಳಗಿನ ಪ್ರಾರ್ಥನೆಗೆ ಡ್ರಮ್ ಬಾರಿಸುತ್ತಾರೆ, ಹುಡುಗ ಕಿವಿ ಮುಚ್ಚಿಕೊಂಡು ಕಿರುಚುತ್ತಾನೆ. ಮೇಷ್ಟ್ರು ‘ಹೋಗು ಆಚೆ’ ಎಂದು ಮೈದಾನದ ಮೂಲೆಗೆ ಕಳಿಸುತ್ತಾರೆ. ಅವರ ಲೆಕ್ಕದಲ್ಲಿ ಅದು ಶಿಕ್ಷೆ. ಹುಡುಗನಿಗೆ ಸದ್ದು ತಪ್ಪಿತು, ನಾಳೆ ಇನ್ನೂ ಬೇಗ ಕಿರುಚುತ್ತಾನೆ. ಚೀರುವ ಬದಲು ‘ಹೊರಗೆ’ ಎಂಬ ಚಿತ್ರದ ಕಾರ್ಡು ತೋರಿಸಲು ಕಲಿಸಿ, ತೋರಿಸಿದ ಕೂಡಲೇ ಬಿಡಿ ಎನ್ನುತ್ತದೆ ಕೈಪಿಡಿ. ಆ ಬಿಡುವುದೂ ಅದೇ ನೆಗೆಟಿವ್ ರೀಇನ್‌ಫೋರ್ಸ್‌ಮೆಂಟೇ! ಪದ ತಪ್ಪಿದರೆ ಇಡೀ ಪುಟ ತಿರುವುಮುರುವು.

ನನಗೆ ತೋಚಿದ್ದು ‘ಒತ್ತಾಸೆ’. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಒತ್ತಾಸೆ ಸಿಗಬಹುದು. (‘ಕುಮ್ಮಕ್ಕು’ ಇನ್ನೂ ಚುರುಕು, ಆದರೆ ಅದರಲ್ಲಿ ಪೊಲೀಸ್ ಠಾಣೆಯ ವಾಸನೆ.) ಬೇಕಾದದ್ದು ಸಿಗುವ ಪಾಸಿಟಿವ್‌ಗೆ ‘ಕೊಡುಗೆಯ ಒತ್ತಾಸೆ’, ನೆಗೆಟಿವ್‌ಗೆ ‘ಬಿಡುಗಡೆಯ ಒತ್ತಾಸೆ’ ಎನ್ನಬಹುದೇ? ಧನ, ಋಣಗಳ ಹಂಗು ತಪ್ಪುತ್ತದೆ. ‘ಕೊಡುಗೆ’ ಎಂದಾಗ ಅಂಗಡಿಯ ಹಬ್ಬದ ಆಫರ್ ನೆನಪಾಗುವುದೊಂದು ಕಿರಿಕಿರಿ.

‘ಬಿಹೇವಿಯರ್’ಗೆ ‘ನಡತೆ’ ಬೇಡವೆಂದು ‘ವರ್ತನೆ’ ಉಳಿಸಿಕೊಂಡಿದ್ದೇನೆ; ನಡತೆ ಎಂದೊಡನೆ ಶಾಲೆಯ ನಡತೆ ಪ್ರಮಾಣಪತ್ರ ಕಣ್ಣಮುಂದೆ ಬರುತ್ತದೆ. ಹಾಗೆಯೇ ಮೂಲದಲ್ಲಿ ಕೈ ಬಡಿಯುತ್ತಾ ಕುಣಿಯುವುದನ್ನು ‘ಸಮಸ್ಯೆಯ ವರ್ತನೆ’ಗಳ ಪಟ್ಟಿಗೆ ಸೇರಿಸಿದ್ದಾರೆ. ಯಾರಿಗೂ ಪೆಟ್ಟಾಗದ, ಮಗುವಿಗೆ ನೆಮ್ಮದಿ ಕೊಡುವ ಅಭ್ಯಾಸವನ್ನು ಯಾಕೆ ಬಿಡಿಸಬೇಕೆಂದು ಆಟಿಸಂ ಇರುವ ದೊಡ್ಡವರೇ ಎಬಿಎ ಬಗ್ಗೆ ತಕರಾರು ಎತ್ತಿದ್ದಾರೆ, ನನಗೂ ಅದು ಸರಿ ಅನಿಸುತ್ತದೆ. ಅನುವಾದಕ ಅಲ್ಲಿ ಅಡಿಟಿಪ್ಪಣಿ ಹಾಕಬಹುದೇ, ಅದು ಬೇರೆ ಚರ್ಚೆ.

ಸದ್ಯಕ್ಕೆ ಕೇಳುವುದಿಷ್ಟು: ‘ಒತ್ತಾಸೆ’ ನಿಮ್ಮ ಕಡೆಯ ಆಡುಮಾತಿನಲ್ಲಿದೆಯೇ? ಧಾರವಾಡ, ಕಲಬುರಗಿ ಕಡೆಯವರು, ಕರಾವಳಿಯವರು ಇದಕ್ಕೆ ಬೇರೆ ಮಾತು ಬಳಸುತ್ತಿದ್ದರೆ ಅದನ್ನು ಬಳಸುವ ಒಂದು ವಾಕ್ಯದ ಜೊತೆಗೇ ತಿಳಿಸಿ.