ಬಿಲ್ ಹೊಂದಿಸುವ ಕೆಲಸದಲ್ಲಿ ಮನಸ್ಸು ನಿಲ್ಲುತ್ತಿಲ್ಲ

ಪ್ರಶ್ನೆ: ಕೊಪ್ಪಳದವಳು

ಎಲ್ಲರಿಗೂ ನಮಸ್ಕಾರ. ನನಗೆ 35 ವರ್ಷ. ಗಿಣಿಗೇರಾ ಕಡೆಯ ಒಂದು ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿ ಒಂಬತ್ತು ವರ್ಷಗಳಿಂದ ಇದ್ದೇನೆ. ಸಂಬಳ ತಪ್ಪದೆ ಬರುತ್ತದೆ, ಮೇಲಧಿಕಾರಿ ಕೂಗಾಡುವವರಲ್ಲ. ಆದರೂ ವರ್ಷಕ್ಕೂ ಹೆಚ್ಚು ಕಾಲದಿಂದ ಕೆಲಸದ ಮೇಲೆ ಮನಸ್ಸೇ ಇಲ್ಲ. ಮನೆಯಲ್ಲಿ ಹೇಳಿದರೆ "ನೆರಳಲ್ಲಿ ಕುಳಿತು ಮಾಡುವ ಕೆಲಸ, ಇನ್ನೇನು ಬೇಕು?" ಎನ್ನುತ್ತಾರೆ. ಏಪ್ರಿಲ್ ತಿಂಗಳ ಕೊಪ್ಪಳದ ಬಿಸಿಲಿನಲ್ಲಿ ದುಡಿದವರು ಹಾಗೆ ಕೇಳಿದರೆ ತಪ್ಪೆನ್ನಲಾರೆ.

ಸರಬರಾಜುದಾರರ ಬಿಲ್ ಪಾಸ್ ಮಾಡುವುದು ನನ್ನ ಕೆಲಸ. ಖರೀದಿ ಆದೇಶದ ದರ, ಸ್ಟೋರ್ಸ್‌ನವರು ಬರೆದುಕೊಂಡ ಪ್ರಮಾಣ, ಬಿಲ್‌ನ ಮೊತ್ತ ಮೂರೂ ಹೊಂದಬೇಕು. ಹೊಂದಿದರೆ ಪಾಸ್, ಇಲ್ಲವಾದರೆ ತಡೆ. ತಿಂಗಳ 14ಕ್ಕೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಸರಬರಾಜುದಾರರು ತೋರಿಸಿದ ಬಿಲ್‌ಗಳ 2ಬಿ ಪಟ್ಟಿ ಬರುತ್ತದೆ, ಅದರೊಂದಿಗೆ ಇನ್ನೊಮ್ಮೆ ತಾಳೆ, 20ರೊಳಗೆ ರಿಟರ್ನ್. ಮತ್ತೆ 14. ಸಾವಿರಾರು ಬೇರಿಂಗ್, ಬೋಲ್ಟ್, ಪೈಪುಗಳ ಬಿಲ್ ಪಾಸ್ ಮಾಡಿದ್ದೇನೆ, ಒಂದನ್ನೂ ಕೈಯಲ್ಲಿ ಹಿಡಿದು ನೋಡಿಲ್ಲ.

ಇದು ಶುರುವಾದ ದಿನ ಚೆನ್ನಾಗಿ ನೆನಪಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತಲ್ಲ, ಆ ವಾರ. ನನ್ನ ತವರು ಕಾರಟಗಿ ಹತ್ತಿರದ ಹಳ್ಳಿ, ಕಾಲುವೆ ನೀರಿನ ಭತ್ತದ ಊರು. ಅಪ್ಪ ಇಡೀ ವಾರ ನಿದ್ದೆ ಮಾಡಲಿಲ್ಲ. ಅಣೆಕಟ್ಟು ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ಗೇಟಿನ ಜಾಗದಲ್ಲಿ ನೀರು ತಡೆಯುವ ಉಕ್ಕಿನ ಅಡ್ಡತಡೆಗಳನ್ನು, ಇಳಿಸಿತು. ಮೊದಲನೆಯದು ಕೂತಿತೆಂದು ಹೇಳಲು ಅಪ್ಪ ಫೋನ್ ಮಾಡಿದರು. ಅವರು ಅಳುತ್ತಿದ್ದರು. ಆಗ ನನ್ನ ಮುಂದೆ ₹36 ವ್ಯತ್ಯಾಸಕ್ಕಾಗಿ ತಡೆಹಿಡಿದ ಒಂದು ಬಿಲ್ ಇತ್ತು. ಆ ತಂಡದಲ್ಲಿ ವೆಲ್ಡಿಂಗ್ ಮಾಡಿದ ಹುಡುಗನಿಗೆ ತಾನು ಮಾಡಿದ್ದು ಏನೆಂದು ಗೊತ್ತಿದೆ. ನನಗೆ ಗೊತ್ತಿಲ್ಲ.

ನಿವೇಶನದ ಸಾಲ ಇದೆ, ಮಗಳು ಮೂರನೆಯ ತರಗತಿ. ಬಿಡುವುದು ಸುಲಭವಲ್ಲ. ಹೀಗಾದವರು ಯಾರಾದರೂ ಇದ್ದರೆ, ಏನು ಮಾಡಿದಿರಿ?

ಉತ್ತರ: ರಾಯಚೂರು ಅಣ್ಣ

ತಂಗಿ, ಒಂದೇ ಮಾತು ಕೇಳುತ್ತೇನೆ. ಭಾನುವಾರವೂ ಹೀಗೆಯೇ ಇರುತ್ತದೆಯೇ? ಮಗಳ ಜೊತೆ ಇದ್ದಾಗಲೂ? ನನಗೆ ಹಾಗಾಗಿತ್ತು. ಹತ್ತಿ ಕಂಪನಿಯೊಂದರ ಕಚೇರಿಯಲ್ಲಿದ್ದೆ, ಕೆಲಸವೇ ಕಾರಣವೆಂದು ತಿಳಿದು ರಾಜೀನಾಮೆ ಕೊಟ್ಟೆ. ಮನೆಯಲ್ಲಿ ಕುಳಿತ ಮೇಲೂ ಊಟ ಸೇರಲಿಲ್ಲ, ಬೆಳಗಿನ ಮೂರಕ್ಕೇ ಎಚ್ಚರವಾಗುತ್ತಿತ್ತು. ಕೊನೆಗೆ ವೈದ್ಯರು ಖಿನ್ನತೆ ಎಂದರು, ಎಂಟು ತಿಂಗಳು ಮಾತ್ರೆ ತೆಗೆದುಕೊಂಡೆ. ಕೆಲಸದ ದಣಿವು ಬೇರೆ, ಈ ಕಾಯಿಲೆ ಬೇರೆ. ನಿಮಗೆ ಅನುಮಾನವಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತನಾಡುತ್ತಾರೆ. ದಯವಿಟ್ಟು ನನ್ನಂತೆ ತಡಮಾಡಬೇಡಿ.

ಉತ್ತರ: ಬಳ್ಳಾರಿ ಕೋಟೆ

ಬಿಡುವ ಯೋಚನೆ ಇದ್ದರೆ ಲೆಕ್ಕ ನೋಡಿಕೊಳ್ಳಿ. ಪಿಎಫ್ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು, ನಿಮ್ಮದು ಒಂಬತ್ತು. ಬೇರೆ ಕಡೆ ಸೇರಿದರೆ ಹಣ ಹಿಂಪಡೆಯದೆ ಖಾತೆ ವರ್ಗಾಯಿಸಿಕೊಳ್ಳಿ, ಸೇವೆ ಕೂಡಿಕೊಳ್ಳುತ್ತದೆ. ಗ್ರಾಚ್ಯುಟಿಗೆ ಐದು ವರ್ಷ ಎಂದೋ ಆಗಿದೆ, ಅದು ನಿಮ್ಮ ಹಕ್ಕಿನ ಹಣ.

ಉತ್ತರ: ಗಂಗಾವತಿ ಫ್ಯಾಬ್ರಿಕೇಷನ್

ಮೇಡಂ, ನಾನು ನಿಮ್ಮ ಮೇಜಿನ ಆಚೆ ಬದಿಯವನು. ಆರು ಜನ ಹುಡುಗರಿಟ್ಟುಕೊಂಡು ಕಾರ್ಖಾನೆಗಳಿಗೆ ಹಾಪರ್, ಜಾಲರಿ, ಏಣಿ ಮಾಡಿಕೊಡುತ್ತೇನೆ. ಪ್ರತಿ ಶನಿವಾರ ಬಟವಾಡೆ.

ಒಮ್ಮೆ ಒಂದು ಕಂಪನಿಯಲ್ಲಿ ನನ್ನ ಬಿಲ್ 70 ದಿನ ನಿಂತಿತು. ಸಣ್ಣ ಉದ್ದಿಮೆಗೆ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕೆಂದು 2006ರ ಕಾಯ್ದೆಯೇ ಇದೆ, ತಡವಾದರೆ ಬಡ್ಡಿಯೂ ಇದೆ. ಆದರೆ ಕೆಲಸ ಕೊಡುವವರ ಮೇಲೆಯೇ ದೂರು ಕೊಟ್ಟು ಮುಂದಿನ ಆದೇಶ ಯಾವ ಮುಖದಿಂದ ಕೇಳಲಿ? ಹೆಂಡತಿಯ ಬಳೆ ಅಡವಿಟ್ಟು ಎರಡು ಬಟವಾಡೆ ಮಾಡಿದೆ. ಕೊನೆಗೆ ಅಲ್ಲಿನ ಲೆಕ್ಕಪತ್ರ ವಿಭಾಗದ ಒಬ್ಬ ಹೆಣ್ಣುಮಗಳು ತಾನಾಗಿ ಫೋನ್ ಮಾಡಿ, "ಖರೀದಿ ಆದೇಶದ ಸಂಖ್ಯೆಯಲ್ಲಿ ಕೊನೆಯ ಅಂಕಿ ತಪ್ಪಿದೆ, ತಿದ್ದಿ ಕಳಿಸಿ" ಎಂದರು. ಅಷ್ಟೇ ಇತ್ತು ತಪ್ಪು! ನಾಲ್ಕನೆಯ ದಿನ ಹಣ ಬಂತು. ಅವರ ಮುಖ ನಾನು ನೋಡಿಲ್ಲ. ನಮ್ಮ ಮನೆಯಲ್ಲಿ ಇಂದಿಗೂ ಅವರ ಮಾತು ಬರುತ್ತದೆ.

ನಿಮ್ಮ ಆ ₹36ರ ಬಿಲ್ ಏನಾಯಿತು? ಅವರಿಗೆ ಫೋನ್ ಮಾಡಿದ್ದಿರಾ?

ಮರು ಉತ್ತರ: ಕೊಪ್ಪಳದವಳು

ಎರಡು ದಿನ ಬರೆಯಲಾಗಲಿಲ್ಲ, ಕ್ಷಮಿಸಿ. ಫೋನ್ ಮಾಡಿರಲಿಲ್ಲ. ಹಳೆಯ ಕಡತ ತೆಗೆದು ನೋಡಿದೆ, ಆ ಬಿಲ್ 52 ದಿನ ತಡೆಯಲ್ಲಿತ್ತು. ಒಂದು ಸಾಲು ಮಿಂಚಂಚೆ ಕಳಿಸಿ ನನ್ನ ಪಾಲಿನದು ಮುಗಿಯಿತೆಂದು ಬಿಟ್ಟಿದ್ದೆ. ಅವರೂ ನಿಮ್ಮಂತೆ ಸಣ್ಣ ವರ್ಕ್‌ಶಾಪ್‌ನವರು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಿನ್ನೆ ತಡೆಯಲ್ಲಿರುವ ಬಿಲ್‌ಗಳ ಪಟ್ಟಿ ತೆಗೆದು ಐವರಿಗೆ ಫೋನ್ ಮಾಡಿದೆ. ಒಬ್ಬರು "ಕಾರ್ಖಾನೆಯಿಂದಲೇ ಮಾತನಾಡುತ್ತಿದ್ದೀರಾ?" ಎಂದು ಎರಡು ಸಲ ಕೇಳಿದರು. ಮೂವರ ಬಿಲ್ ಇವತ್ತು ಪಾಸ್ ಆಯಿತು.

ಅಣ್ಣ, ಭಾನುವಾರ ಬೆಳಿಗ್ಗೆ ಚೆನ್ನಾಗಿಯೇ ಇರುತ್ತೇನೆ, ಸಂಜೆಯಾಗುತ್ತಲೇ ಹೊಟ್ಟೆಯಲ್ಲಿ ಸಂಕಟ ಶುರುವಾಗುತ್ತದೆ. ಆ ಸಂಖ್ಯೆಗೆ ಕರೆ ಮಾಡುತ್ತೇನೆ. ಕೆಲಸ ಬಿಡುವ ಮಾತು ಇನ್ನೂ ತೀರ್ಮಾನವಾಗಿಲ್ಲ, ಹತ್ತು ವರ್ಷವಾಗುವವರೆಗೆ ನೋಡುತ್ತೇನೆ.

ಗಂಗಾವತಿಯವರೇ, ಹಾಪರ್ ಎಂಬ ಹೆಸರಿನಲ್ಲಿ ನೂರಾರು ಬಿಲ್ ಪಾಸ್ ಮಾಡಿದ್ದೇನೆ, ಅದು ಹೇಗಿರುತ್ತದೆಂದು ಗೊತ್ತಿಲ್ಲ. ಮುಂದಿನ ಭಾನುವಾರ ಕಾರಟಗಿಗೆ ಹೋಗುವಾಗ ನಿಮ್ಮ ವರ್ಕ್‌ಶಾಪ್ ತೆರೆದಿದ್ದರೆ ಬಂದು ನೋಡಬಹುದೇ? ಮಗಳೂ ಜೊತೆಗಿರುತ್ತಾಳೆ.